ಸಾರಂಗರ ಪಾಲಿನ ಚಹಾ

ಆ ದಿನ ಬೆಳಿಗ್ಗೆ ಅಳಿವೆಯ ಮೇಲೆ ಮಂಜು ಇಳಿದಿತ್ತು. ನಮ್ಮೂರಿನ ಮಂಜು ಆಕಾಶದಿಂದ ಬೀಳುವಂಥದಲ್ಲ; ಹೊತ್ತು ಮೂಡುವ ಮೊದಲು ಸಮುದ್ರದ ಕಡೆಯಿಂದ, ಮಲಗಿದವರಿಗೆ ಎಚ್ಚರವಾಗಬಾರದೆಂದು ಮೆಟ್ಟು ಕಳಚಿಟ್ಟು ಒಳಗೆ ಬರುವ ಹಿರಿಯರ ಹಾಗೆ, ಸದ್ದಿಲ್ಲದೆ ನಡೆದು ಬರುವಂಥದು. ಮೊದಲು ಆಚೆ ದಡದ ತೆಂಗಿನ ಸಾಲು ಹೋಯಿತು. ಆಮೇಲೆ ಕಡವಿನಲ್ಲಿ ಕಟ್ಟಿದ್ದ ದೋಣಿಗಳು ಹೋದವು. ಕೊನೆಗೆ ನಮ್ಮ ದೇವಸ್ಥಾನದ ಸ್ನಾನಘಟ್ಟದ ಮೆಟ್ಟಿಲುಗಳೂ, ಮೀಯಲು ಇಳಿದು ಮುಳುಗು ಹಾಕಿದವರಂತೆ, ಒಂದರ ಹಿಂದೊಂದು ಕಾಣದಾದವು. ಎಲ್ಲೋ ಹುಟ್ಟು ಹಾಕುವ ಸದ್ದು ಕೇಳುತ್ತಿತ್ತು. ದೋಣಿ ಮಾತ್ರ ಇರಲಿಲ್ಲ.

ನಾನು ಆಗ ಆ ದೇವಸ್ಥಾನದ ಅಡುಗೆಯವನು. ಆದರೆ ಅಡುಗೆಯಿರಲಿಲ್ಲ. ಗರ್ಭಗುಡಿಯ ಮಾಡು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ ವರ್ಷ ಅದು. ಅದು ಮುಗಿಯುವವರೆಗೆ ದೇವರು ಬಾಲಾಲಯವೆಂಬ ಸಣ್ಣ ಕೋಣೆಯಲ್ಲಿ ಮಗುವಿನಂತೆ ಇದ್ದರು. ಹಾಲು ಹಣ್ಣಿನ ಹೊರತು ಬೇರೆ ನೈವೇದ್ಯವಿರಲಿಲ್ಲ. ನನ್ನ ಒಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಬೆಳಗಿನ ಜಾವಕ್ಕೆ ಏಳುವ ರೂಢಿ ತಪ್ಪದೆ, ಎದ್ದು ಮಿಂದು, ಮಾಡಲು ಕೆಲಸವಿಲ್ಲದೆ, ನಾನು ದಡದುದ್ದಕ್ಕೂ ನಡೆಯುತ್ತಿದ್ದೆ.

ನಮ್ಮ ಮನೆತನದಲ್ಲಿ ಅಡುಗೆಯ ರುಚಿ ನೋಡುವ ಪದ್ಧತಿಯಿಲ್ಲ. ದೇವರಿಗಿಂತ ಮೊದಲು ನಾಲಿಗೆಗೆ ತಾಗಿದ್ದು ಎಂಜಲು. ಉಪ್ಪು ಹಿಡಿಯಿತೇ ಎಂಬುದನ್ನು ಆವಿಯಿಂದ, ಬೇಳೆ ಬೆಂದಿತೇ ಎಂಬುದನ್ನು ಕುದಿಯ ಸದ್ದಿನಿಂದ, ಪಾಕ ಬಂದಿತೇ ಎಂಬುದನ್ನು ಸೌಟಿನಿಂದ ಅದು ಜಾರುವ ಬಗೆಯಿಂದ ತಿಳಿಯಬೇಕು. ನನಗೆ ಕೆಲಸ ಕಲಿಸಿದ ದೊಡ್ಡಪ್ಪ ಪರಮಯ್ಯನವರು, “ನಾಲಿಗೆ ಇರುದು ಉಣ್ಣಲಿಕ್ಕೆ. ಅಡುಗೆಗೆ ಮೂಗು ಸಾಕು” ಎನ್ನುತ್ತಿದ್ದರು. ಹಾಗಾಗಿ ನನ್ನ ಮೂಗು ಊರಿನಲ್ಲಿ ಹೆಸರು ಮಾಡಿತ್ತು. ನಾಲಿಗೆ ಮಾತ್ರ ಹೊರಲೋಕ ಕಾಣದೆ ಒಳಗೇ ಉಳಿದಿತ್ತು.

ಆ ಮೂಗಿಗೇ ಅಂದು ಮಂಜಿನೊಳಗಿಂದ ಒಂದು ವಾಸನೆ ಬಂದು ತಾಗಿತು. ಬಹುಕಾಲ ಮುಚ್ಚಿದ್ದ ಮರದ ಪೆಟ್ಟಿಗೆಯನ್ನು ಮಳೆ ನಿಂತ ಮೇಲೆ ತೆರೆದಂಥದು. ಕಾಲು ತಾನಾಗಿ ಅತ್ತ ತಿರುಗಿತು. ಅದು ಕಡವಿನ ಪಕ್ಕದ ಶೀಲಮ್ಮನವರ ಅಂಗಡಿ.

ಶೀಲಮ್ಮ ಲವಂಗ, ಶುಂಠಿ, ಹಿಪ್ಪಲಿ ಮಾರುತ್ತಿದ್ದರು. ಅವರ ಹುಟ್ಟುಹೆಸರು ಶಿಯುಲಾನ್. ಮೂಡಣದ ಬೆಟ್ಟಗಳಾಚೆಯ ದೇಶದಿಂದ, ಸಣ್ಣ ಮಗುವಾಗಿದ್ದಾಗ, ತಂದೆಯ ಜೊತೆ ಹಡಗಿನಲ್ಲಿ ಬಂದಿಳಿದವರು. ಊರಿನ ಬಾಯಿಗೆ ಆ ಹೆಸರು ಹೊಂದದೆ ಶೀಲಮ್ಮ ಆಗಿ, ಅವರೂ ಅದಕ್ಕೆ ಓಗೊಟ್ಟು, ಅರ್ಧ ಆಯುಷ್ಯ ಕಳೆದಿತ್ತು. ಕೂದಲು ನರೆತಿತ್ತು. ಮಾತು ಮಾತ್ರ ನಮ್ಮೂರಿನದೇ.

ಅಂಗಡಿಯ ಹಿಂದೆ ನೀರಿಗೆ ಮುಖ ಮಾಡಿದ ಜಗಲಿ. ಅಲ್ಲಿ ಅವರು ಚಾಪೆಯ ಮೇಲೆ ಕೂತು, ಪೇರಳೆ ಹಣ್ಣಿನಷ್ಟು ದೊಡ್ಡದಾದ ಒಂದು ಮಣ್ಣಿನ ಗಿಂಡಿಗೆ ಬಿಸಿನೀರು ಹೊಯ್ಯುತ್ತಿದ್ದರು. ನನ್ನನ್ನು ಕಂಡು ಕೂರಲು ಕಣ್ಣಿನಲ್ಲೇ ಹೇಳಿದರು. ನೀರು ಹೊಯ್ದದ್ದೇ ತಡ, ಕ್ಷಣವೂ ಬಿಡದೆ ಅದನ್ನು ಗಿಂಡಿಯ ಮೂತಿಯಿಂದ ಕೆಳಗಿನ ಮರದ ಮರಿಗೆಗೆ ಬಗ್ಗಿಸತೊಡಗಿದರು. ಗಿಂಡಿ, ಸಣ್ಣ ಧಾರೆ, ಬೆಳಗಿನ ಹೊತ್ತು. ನಾನು ಹಿಂದು ಮುಂದು ನೋಡಲಿಲ್ಲ. ಎಡಗೈಯ ಮೇಲೆ ಬಲಗೈಯಿಟ್ಟು ಬೊಗಸೆ ಮಾಡಿ ಧಾರೆಯ ಕೆಳಗೆ ಚಾಚಿ, ಬಂದಷ್ಟನ್ನು ಸುಡುಸುಡುತ್ತಲೇ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡೆ.

“ಅಯ್ಯೋ ಭಟ್ರೇ!” ಶೀಲಮ್ಮ ಗಿಂಡಿ ಎತ್ತಿ ಹಿಡಿದುಬಿಟ್ಟರು. “ಅದು ಎಲೆ ತೊಳೆದ ನೀರು! ಚೆಲ್ಲಲಿಕ್ಕೆ ಇರುದು!”

“ನಾನು ತೀರ್ಥ ಅಂತ...”

ಅವರು ನಕ್ಕರು. ನಗು ನಿಲ್ಲಿಸಲು ಸೆರಗು ಬಾಯಿಗೊತ್ತಿಕೊಂಡರೂ ಹೆಗಲು ಕುಲುಕುತ್ತಿತ್ತು. “ಆಗಲಿ ಬಿಡಿ. ಪಾದ ತೊಳೆದ ನೀರನ್ನೇ ತೀರ್ಥ ಅನ್ನುವವರು ನೀವು. ಎಲೆ ತೊಳೆದದ್ದು ಯಾಕಾಗಬಾರದು? ಹೇಗಿತ್ತು?”

“ಮಣ್ಣು.”

“ಅಷ್ಟೇಯಾ?”

“ಮಣ್ಣಿನ ಅಡಿಯಲ್ಲಿ ಇನ್ನೇನೋ ಉಂಟು. ಹೊದ್ದು ಮಲಗಿದ ಹಾಗೆ. ನನಗೆ ಹೇಳಲಿಕ್ಕೆ ಬರುದಿಲ್ಲ.”

ಅವರ ನಗು ನಿಂತಿತು. ನನ್ನನ್ನು ಮೊದಲ ಸಲ ಕಂಡವರಂತೆ ನೋಡಿದರು.

“ಎಲೆ ಅಡಿಕೆ ಹಾಕ್ತೀರಾ?”

“ಇಲ್ಲ.”

“ಬೀಡಿ? ನಶ್ಯ?”

“ಅಡುಗೆಯವನಿಗೆ ಅದೆಲ್ಲ ಎಂತಕ್ಕೆ?”

“ಹಾಗಾದರೆ ನಾಳೆ ಬನ್ನಿ,” ಎಂದರು. “ಗಂಧ ಹಚ್ಚಿಕೊಳ್ಳದೆ ಬನ್ನಿ. ಈ ಚಹಾ ಹತ್ತಿರ ಬಂದವರ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ.”

*

ಅದರ ಹೆಸರು ಪುಅರ್. ಊರಿನವರು ಬೆರಣಿ ಚಾ ಎನ್ನುತ್ತಿದ್ದರು, ಅದನ್ನು ತಪ್ಪೆನ್ನಲಾಗದು. ಎಲೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಒತ್ತಿ, ದುಂಡಗೆ ಬಿಲ್ಲೆ ಕಟ್ಟಿ, ಕಾಗದದಲ್ಲಿ ಸುತ್ತಿ ಇಡುತ್ತಾರೆ. ಇಟ್ಟಷ್ಟೂ ಕಾಲ ಅದು ಒಳಗೊಳಗೇ ಬದಲಾಗುತ್ತದೆ. ಹೊಸದರಲ್ಲಿ ನಾಲಿಗೆ ಕಚ್ಚುತ್ತದೆ. ವಯಸ್ಸಾದ ಮೇಲೆ ಮೆತ್ತಗಾಗುತ್ತದೆ. “ಮನುಷ್ಯರ ಹಾಗೆ ಅಂತ ಹೇಳಬೇಡಿ,” ಎಂದು ಶೀಲಮ್ಮ ಮೊದಲೇ ತಡೆದರು. “ಎಲ್ಲರೂ ಅದನ್ನೇ ಹೇಳ್ತಾರೆ. ಎಲ್ಲ ಮನುಷ್ಯರೂ ಮೆತ್ತಗಾಗುದಿಲ್ಲ. ಎಲ್ಲ ಚಹಾವೂ ಅಷ್ಟೇ. ಕೆಲವಕ್ಕೆ ಬರೀ ಬೂಷ್ಟು ಹಿಡೀತದೆ.”

ಚಪ್ಪಟೆ ಸೂಜಿಯಿಂದ ಬಿಲ್ಲೆಯ ಅಂಚನ್ನು ಎಲೆ ಮುರಿಯದ ಹಾಗೆ ಬಿಡಿಸುವುದನ್ನು ಕಲಿತೆ. ನೀರು ಮೀನಿನ ಕಣ್ಣಿನಷ್ಟು ಗುಳ್ಳೆಯೆಬ್ಬಿಸುವ ಹೊತ್ತನ್ನು ಹಿಡಿಯುವುದು ನನಗೆ ಹೊಸದಲ್ಲ. ತೊಳೆದು ಚೆಲ್ಲುವಾಗ ಕೈ ಮುಂದೆ ಹೋಗದಂತೆ ತಡೆಯುವುದೇ ಕಷ್ಟವಾಯಿತು. ಬಟ್ಟಲಿಗೆ ಬಗ್ಗಿಸಿದ ಮೊದಲ ಸುತ್ತು ಬರೀ ಹೊಗೆ, ಆಮೇಲಿನದು ಕಹಿ, ಇನ್ನೂ ಆಮೇಲೆ, ನುಂಗಿ ಸುಮ್ಮನೆ ಕೂತಾಗ, ಗಂಟಲಿನ ಆಳದಿಂದ ಒಂದು ಸಿಹಿ ಎದ್ದು ನಾಲಿಗೆಯ ಬುಡಕ್ಕೆ ಬರುತ್ತಿತ್ತು. ಬೆಲ್ಲ ಹಾಕಿರಲಿಲ್ಲ. ಹೊರಗಿನಿಂದ ಬಂದ ಸಿಹಿಯಲ್ಲ ಅದು. ಮೊದಲ ಸಲ ಅದು ಬಂದಾಗ ನಾನು ಕಣ್ಣು ಮುಚ್ಚಿ ಕೈಮುಗಿದುಬಿಟ್ಟೆ. ಅದು ಯಾರಿಗೆಂದು ನನಗೇ ಗೊತ್ತಿರಲಿಲ್ಲ.

“ಏನು ಕಂಡಿತು, ಹೇಳಿ,” ಎಂದು ಪ್ರತಿ ಬಟ್ಟಲಿಗೂ ಶೀಲಮ್ಮ ಕೇಳುತ್ತಿದ್ದರು. ನನ್ನ ಹತ್ತಿರ ಅಡುಗೆಮನೆಯ ಮಾತುಗಳ ಹೊರತು ಬೇರೆ ಇರಲಿಲ್ಲ. ಇದು ಉಗ್ರಾಣದ ಹಳೇ ಕಣಜ. ಇದು ಅಭಿಷೇಕ ಆದ ಮೇಲಿನ ಕಲ್ಲು. ಇದು ತಳ ಹತ್ತುವ ಮೊದಲಿನ ಪಾಯಸ. ನಾನು ಹೇಳಿದ್ದನ್ನು ಅವರು ತುಟಿಯಲ್ಲೇ ಇನ್ನೊಮ್ಮೆ ಆಡಿಕೊಳ್ಳುತ್ತಿದ್ದರು. ನನಗೆ ಕಲಿಸಲಿಕ್ಕೆ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ದೊಡ್ಡಪ್ಪನಿಗೆ ಸುದ್ದಿ ಹೋಗದೆ ಇರುತ್ತದೆಯೇ? “ಏನಯ್ಯಾ, ಸೊಪ್ಪು ಬೇಯಿಸಲಿಕ್ಕೆ ಕಲಿಯಲು ಕಡವಿಗೆ ಹೋಗ್ತೀಯಂತೆ?” ಎಂದರು. “ಕಲಿ. ನಾಳೆ ದೇವರಿಗೆ ಬೆರಣಿ ಕಷಾಯದ ನೈವೇದ್ಯ ಮಾಡುವಾ. ಮಿಂದು ಒಳಗೆ ಬಾ, ಅಷ್ಟೇ.”

ಶೀಲಮ್ಮನಿಗೂ ನನಗೂ ಒಂದು ವಿಷಯದಲ್ಲಿ ಮಾತ್ರ ಹೊಂದುತ್ತಿರಲಿಲ್ಲ. ಅವರ ಕಡೆ, ಚಹಾ ಕಾಸಿದವನು ಮೊದಲು ಕುಡಿಯಬೇಕು, ಆಮೇಲೆ ಬಂದವರಿಗೆ ಕೊಡಬೇಕು. ನನಗೆ ಅದು ಆಗುತ್ತಿರಲಿಲ್ಲ. ಬಟ್ಟಲು ಬಾಯಿಯ ಹತ್ತಿರ ಹೋದರೂ ಕೈ ತಾನಾಗಿ ಅದನ್ನು ಅವರ ಮುಂದೆ ಇಡುತ್ತಿತ್ತು.

“ನಾನೇನು ನಿಮ್ಮ ದೇವರಾ?” ಎಂದು ಗದರುತ್ತಲೇ ಅವರು ಕುಡಿಯುತ್ತಿದ್ದರು.

ಒಂದು ದಿನ ಅವರು ನನ್ನನ್ನು ಉಪ್ಪರಿಗೆಗೆ ಕರೆದುಕೊಂಡು ಹೋದರು. ಮಸಾಲೆಯ ಗಾಳಿ ಸುಳಿಯದ ಆ ಕೋಣೆಯಲ್ಲಿ ಬಟ್ಟೆ ಕಟ್ಟಿದ ಒಂದು ಮಣ್ಣಿನ ಮಡಕೆ ಇತ್ತು. ಮುಟ್ಟಲಿಲ್ಲ, ತೋರಿಸಿದರಷ್ಟೇ.

“ಇದು ನಮ್ಮದಲ್ಲ,” ಎಂದರು. “ಹಸನಬ್ಬ ಸಾರಂಗರದು.”

ಹಸನಬ್ಬ ಸಾರಂಗರು ನನಗೂ ಗೊತ್ತಿದ್ದವರು. ಬಹುಕಾಲ ಹಡಗು ನಡೆಸಿ, ಮುಪ್ಪಿನಲ್ಲಿ ಹೊಳೆಯ ಮೇಲ್ಭಾಗದ ಮಗಳ ಮನೆಯಲ್ಲಿದ್ದವರು. ಶೀಲಮ್ಮ ಹೇಳಿದ ಕತೆ ಇದು. ಅವರು ತಂದೆಯ ಜೊತೆ ಬಂದ ಹಡಗು ಗಾಳಿಯಿಲ್ಲದೆ ಸಮುದ್ರದ ನಡುವೆ ನಿಂತುಬಿಟ್ಟಿತು. ನೀರನ್ನು ಅಳೆದು ಕೊಡುವ ಹೊತ್ತು ಬಂತು. ಮಗುವಾಗಿದ್ದ ಶೀಲಮ್ಮನಿಗೆ ಜ್ವರ. ಆಗಿನ್ನೂ ಹರೆಯದ ಸಾರಂಗರು ತಮ್ಮ ಪಾಲಿನ ನೀರನ್ನು, ತಾವು ತುಟಿ ಒದ್ದೆ ಮಾಡಿಕೊಳ್ಳುವಷ್ಟು ಉಳಿಸಿಕೊಂಡು, ಗಾಳಿ ಏಳುವವರೆಗೂ ಮಗುವಿಗೆ ಕೊಟ್ಟರು. ದಡಕ್ಕೆ ಬಂದ ಮೇಲೆ ತಂದೆಯ ಹತ್ತಿರ ಕೊಡಲು ಏನೂ ಇರಲಿಲ್ಲ. ತಮ್ಮೂರಿನ ಚಹಾ ಮರದ ಎಲೆಯಿಂದ ತಾವೇ ಕಟ್ಟಿದ ಒಂದು ಬಿಲ್ಲೆ ಮಾತ್ರ ಇತ್ತು. “ಇದು ನಿನ್ನದು. ಆದರೆ ಈಗ ಕುಡಿಯಬೇಡ, ಈಗ ಬರೀ ಕಹಿ. ನಮ್ಮ ಮನೆಯಲ್ಲಿರಲಿ. ಹದವಾದ ದಿನ ಕೈಗೆ ಕೊಡ್ತೇವೆ,” ಎಂದರಂತೆ.

“ಪ್ರತಿ ಸಲ ಹಡಗು ಬಂದಾಗ ಸಾರಂಗರು ಅಂಗಡಿ ಮೆಟ್ಟಿಲಲ್ಲಿ ನಿಂತು, ‘ಆಯ್ತಾ?’ ಅಂತ ಕೇಳುದು. ಅಪ್ಪ ಒಂದು ಚೂರು ಕಾಸಿ ನೋಡಿ, ‘ಇನ್ನೂ ಇಲ್ಲ’ ಅನ್ನುದು. ಅಪ್ಪ ಹೋದ ಮೇಲೆ ನಾನು. ಅದೊಂದು ತಮಾಷೆಯೇ ಆಗಿಬಿಟ್ಟಿತು. ಕೇಳಲಿಕ್ಕೇ ಬರ್ತಾರೆ, ಇಲ್ಲ ಅನ್ನಿಸಿಕೊಂಡು ನಗ್ತಾ ಹೋಗ್ತಾರೆ.”

“ಈಗ ಆಗಿರಬೇಕಲ್ಲ?”

ಶೀಲಮ್ಮ ಮಡಕೆಯ ಬಟ್ಟೆಯ ಗಂಟನ್ನು ಸರಿಮಾಡಿದರು. ಸರಿಯಾಗಿಯೇ ಇದ್ದ ಗಂಟು ಅದು.

“ಆಗಿರಬೇಕು,” ಎಂದರು. “ಇಲ್ಲಾಂದ್ರೆ ಈ ಉಪ್ಪುಗಾಳಿಯಲ್ಲಿ ಕೆಟ್ಟಿರಬೇಕು. ಕೆಟ್ಟದ್ದನ್ನು ಅಪ್ಪನ ಹೆಸರಿನಲ್ಲಿ ಹೇಗೆ ಕೊಡುದು, ಭಟ್ರೇ?”

ತೆರೆದು ನೋಡಿದರೆ ತಿಳಿಯುವುದಿಲ್ಲವೇ ಎಂದು ನಾನು ಕೇಳಬಹುದಿತ್ತು. ಅವರ ಮುಖ ನೋಡಿ ಕೇಳಲಿಲ್ಲ.

*

ಹುಣ್ಣಿಮೆಯ ಆಸುಪಾಸಿನಲ್ಲಿ ಮಂಜು ಮತ್ತೆ ಬಂತು. ಸ್ನಾನಘಟ್ಟದ ಬುಡದಲ್ಲಿ ಒಂದು ಒರತೆಯಿದೆ. ಇಳಿತದ ಹೊತ್ತಿನಲ್ಲಿ ಅದರ ನೀರು ಎಳನೀರಿನಷ್ಟು ಸಿಹಿ. ಉಬ್ಬರ ಏರಿ ಮುಚ್ಚಿತೆಂದರೆ ಉಪ್ಪು. ಅಲ್ಲಿನ ಕಲ್ಲುಕಂಬದ ಮೇಲೆ ನೀರಿನ ಗುರುತು ನೋಡಿಯೇ ಊರಿನವರು ಕೊಡ ಅದ್ದುವುದು. ಅಂದು ಕಂಬವೇ ಕಾಣಲಿಲ್ಲ. ಕೈಯಂದಾಜಿನಲ್ಲಿ ಕೊಡ ತುಂಬಿ ತಂದೆ. ಆವಿಯಲ್ಲೇ ಉಪ್ಪು ಹಿಡಿಯುವ ನನ್ನ ಮೂಗಿಗೂ ಅಂದು ಏನೂ ಹೊಳೆಯಲಿಲ್ಲ. ಗಾಳಿಯ ತುಂಬ ಸಮುದ್ರವೇ ಇತ್ತು.

ಎಂದಿನಂತೆ ಮೊದಲ ಬಟ್ಟಲು ಶೀಲಮ್ಮನಿಗೆ ಇಟ್ಟೆ. ಅವರು ನಿಧಾನವಾಗಿ ಗುಟುಕರಿಸಿ, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ಮಂಜಿನತ್ತ ನೋಡುತ್ತ ಅಂದರು: “ಇವತ್ತು ಒಳ್ಳೆ ಹದ ಬಂತು.”

ನಾನೂ ಕುಡಿದೆ. ಕುಡಿದದ್ದು ಒಳಗೆ ಹೋಗಲಿಲ್ಲ, ಜಗಲಿಯಾಚೆ ಉಗಿದೆ.

“ಶೀಲಮ್ಮ,” ಎಂದೆ, “ಇದು ಸಮುದ್ರ.”

“ಏನಂದ್ರಿ?”

“ಉಪ್ಪು ನೀರು. ಒರತೆಗೆ ಉಬ್ಬರ ಹತ್ತಿತ್ತು, ನನಗೆ ಕಾಣಲಿಲ್ಲ. ನೀವು... ನೀವು ಅರ್ಧ ಬಟ್ಟಲು ಕುಡಿದ್ರಲ್ಲ.”

ಅವರು ಬಟ್ಟಲಿನೊಳಗೆ ನೋಡಿದರು. ಅಲ್ಲಿ ಏನಾದರೂ ಬರೆದಿದೆಯೋ ಎಂಬಂತೆ ನೋಡಿದರು. “ಪೂರ್ತಿ ಕುಡೀಲಿಲ್ಲ ಅಲ್ವಾ,” ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

ದೋಣಿಯೊಂದು ಕಾಣದೆಯೇ ಬಂದು ಕಾಣದೆಯೇ ಹೋಯಿತು.

“ಜ್ವರ ಬಂದಿತ್ತು ನೋಡಿ, ಆ ದೊಡ್ಡ ಮಳೆಯ ವರ್ಷ,” ಎಂದರು. “ಜ್ವರ ಬಿಟ್ಟಿತು. ಬಿಡುವಾಗ ನಾಲಿಗೆ ಮೂಗು ಎರಡನ್ನೂ ಕಟ್ಟಿಕೊಂಡು ಹೋಯಿತು. ಶುಂಠಿಯನ್ನು ಮುರಿದ ಸದ್ದಿನಲ್ಲಿ ಹೇಳಬಲ್ಲೆ. ಲವಂಗವನ್ನು ಉಗುರಿನಲ್ಲಿ ಒತ್ತಿ ಹೇಳಬಲ್ಲೆ. ಇದನ್ನು ಮಾತ್ರ...”

“ಸಾರಂಗರಿಗೆ ಗೊತ್ತುಂಟಾ?”

“ಗೊತ್ತಿಲ್ಲ. ಬಂದು ಕೇಳ್ತಾರೆ. ನಾನು ಮಡಕೆ ತೆರೆಯುದೇ ಇಲ್ಲ. ‘ಇನ್ನೂ ಇಲ್ಲ ಕಾಕ’ ಅಂತೇನೆ. ನಗ್ತಾರೆ. ಮೊದಲು ಅದು ನಿಜ ಇತ್ತು. ಈಗ ಅದೇ ಮಾತು, ಒಳಗೆ ಏನೂ ಇಲ್ಲ.”

ನನಗೆ ಆಗ ಎಲ್ಲವೂ ಒಂದೊಂದಾಗಿ ತಿಳಿಯಿತು. ತುಟಿಯಲ್ಲಿ ಆಡಿಕೊಳ್ಳುತ್ತಿದ್ದ ಮಾತುಗಳು. “ಏನು ಕಂಡಿತು ಹೇಳಿ” ಎಂಬ ಹಸಿವು. ನನಗೆ ಕಲಿಸುತ್ತಿರಲಿಲ್ಲ ಅವರು. ನನ್ನ ಬಾಯಿಂದ ಉಣ್ಣುತ್ತಿದ್ದರು.

“ಅದಕ್ಕೇನಾ ನನ್ನನ್ನು ಕರೆದದ್ದು?”

“ಮತ್ತೆ ಯಾರನ್ನು ಕರೀಲಿ? ಈ ಊರಲ್ಲಿ ಎಲೆ ಅಡಿಕೆ ಮುಟ್ಟದ ಬಾಯಿ ಯಾವುದುಂಟು? ನಿಮ್ಮ ದೇವರಿಗೂ ತಾಂಬೂಲ ಬೇಕು.” ಅವರ ಕಣ್ಣು ತುಂಬಿತ್ತು, ಮಾತು ಹಾಗೇ ಇತ್ತು. “ಮತ್ತೆ ನೀವು ಸುಳ್ಳು ಹೇಳುದಿಲ್ಲ. ತೊಳೆದ ನೀರು ಕುಡಿದು, ಮಣ್ಣು ಅಂದಿರಲ್ಲ. ಬೇರೆಯವರಾದರೆ ಅಮೃತ ಅನ್ನುತ್ತಿದ್ದರು.”

*

ಅದಾದ ಕೆಲವೇ ದಿನಕ್ಕೆ ಕಡವಿನ ದೋಣಿಯವನು ಸುದ್ದಿ ತಂದ. ಸಾರಂಗರು ಬರುತ್ತಾರಂತೆ. ಎದೆ ಸೋತಿದೆ. ಇನ್ನು ಮುಂದೆ ದೋಣಿ ಹತ್ತಿಸುವುದಿಲ್ಲವೆಂದು ಮಗಳು ಹೇಳಿದ್ದಾಳಂತೆ. ಇದೊಂದು ಸಲ ಹಟ ಮಾಡಿ ಹೊರಟಿದ್ದಾರಂತೆ.

ಅವರು ಬರುವ ದಿನ ಬೆಳಕು ಹರಿಯುವಾಗ ಶೀಲಮ್ಮ ಮಡಕೆ ಕೆಳಗೆ ತಂದರು. ಅಂದೂ ಮಂಜು, ಜಗಲಿಯ ಕಂಬಗಳಾಚೆಗೆ ಜಗತ್ತಿರಲಿಲ್ಲ. ಕಾಗದ ಬಿಡಿಸಿ ಬಿಲ್ಲೆಯನ್ನು ಮಗುಚಿದರು. ಅಡಿಯಲ್ಲಿ, ವಿಭೂತಿ ಉದುರಿದಂತೆ, ಬಿಳಿಯ ಹುಡಿ.

“ಬೂಷ್ಟಾ?” ಎಂದರು. ದನಿ ಬಹಳ ಸಣ್ಣದಾಗಿತ್ತು.

ನಾನು ಬಗ್ಗಿ ಮೂಸಿದೆ. ಮಳೆಗಾಲ ಕಳೆದ ಮೇಲೆ ಉಗ್ರಾಣದ ಮೂಲೆಯಲ್ಲಿ ಸಿಗುವ ಒದ್ದೆ ಗೋಣಿಯ ವಾಸನೆ. ಅಂಥ ಗೋಣಿಯ ಅಕ್ಕಿಯನ್ನು ನಾನು ಎಷ್ಟು ಸಲ ಹೊಳೆಗೆ ಸುರಿಸಿದ್ದೆನೋ.

“ಮೂಗಿಗೆ ಕೇಳಿದರೆ, ಕೆಟ್ಟಿದೆ ಅನ್ನುತ್ತದೆ.”

ಶೀಲಮ್ಮ ಗಿಂಡಿಗೆ ಬಿಸಿನೀರು ಹೊಯ್ದರು. ಆಮೇಲೆ ಅಂದರು: “ನಾಲಿಗೆಗೆ ಕೇಳಿ.”

ಗಿಂಡಿ ಬೆಚ್ಚಗಾಗಿತ್ತು. ಅಂಚಿನಿಂದ ಒಂದು ಚೂರು ಬಿಡಿಸಿ ಹಾಕಿದೆ. ತೊಳೆದು ಚೆಲ್ಲಿದೆ. ಮತ್ತೆ ನೀರು ಹೊಯ್ದು ಬಟ್ಟಲಿಗೆ ಬಗ್ಗಿಸಿದೆ. ಬಟ್ಟಲು ನನ್ನ ಮುಂದೆ ಇತ್ತು. ಕೈ ಏಳಲಿಲ್ಲ.

“ಇದು ಅವರ ಪಾಲು, ಶೀಲಮ್ಮ. ಅವರು ಇಷ್ಟು ಕಾಲ ಕಾದದ್ದು. ಅವರ ಬಾಯಿಗೆ ಹೋಗುವ ಮೊದಲು ನಾನು ಎಂಜಲು ಮಾಡುದು ಹೇಗೆ?”

“ಕೆಟ್ಟದ್ದನ್ನು ಕೊಟ್ಟರೆ ನಿಮ್ಮ ದೇವರಿಗೆ ಏನೂ ಆಗುದಿಲ್ಲ ಭಟ್ರೇ,” ಎಂದರು ಶೀಲಮ್ಮ. “ಕಾಕನಿಗೆ ಎದೆ ಸೋತಿದೆ.”

ಆಗ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಬಾವಿಯ ಕತೆ. ಒಂದೂರಿನಲ್ಲಿ ಹೊಸ ಬಾವಿ ತೋಡಿದರಂತೆ. ನೀರು ಬಂತು. ಮೊದಲ ಕೊಡ ಯಾರಿಗೆ? ಗುರಿಕಾರ, ನನಗೆ ಅಂದ. ಪೂಜಾರಿ, ದೇವರಿಗೆ ಅಂದ. ಬಾವಿ ತೋಡಿದವನು ಏನೂ ಹೇಳದೆ, ಕೆಳಗೆ ಇದ್ದಲ್ಲಿಂದಲೇ ಬೊಗಸೆಯಲ್ಲಿ ಎತ್ತಿ ಕುಡಿದುಬಿಟ್ಟನಂತೆ. ಮೇಲಿದ್ದವರೆಲ್ಲ ಕೂಗಾಡಿದರು, ಹೊಲಸು ಮಾಡಿದೆ ಎಂದು ಕಲ್ಲೆತ್ತಿದರು. ಅವನು ಕತ್ತಲೆಯೊಳಗಿಂದ ತಲೆಯೆತ್ತಿ, “ಸ್ವಲ್ಪ ತಡೀರಪ್ಪ. ಸಂಜೆವರೆಗೆ ನಾನು ಬದುಕಿದ್ದರೆ ನೀವೆಲ್ಲ ಕುಡೀರಿ,” ಎಂದನಂತೆ. ಇಷ್ಟು ಹೇಳಿ ಅಜ್ಜಿ ಸುಮ್ಮನಾಗುತ್ತಿದ್ದಳು. “ಆಮೇಲೆ?” ಎಂದರೆ, “ಆಮೇಲೇನು, ಊರಲ್ಲಿ ಈಗಲೂ ಆ ಬಾವಿಯ ನೀರೇ,” ಎನ್ನುತ್ತಿದ್ದಳು.

ನಾನು ಬಟ್ಟಲು ಎತ್ತಿ ಕುಡಿದೆ.

ಒದ್ದೆ ಗೋಣಿ. ಅದೇ. ನಾಲಿಗೆಯ ಮೇಲೆ ಮುಗ್ಗಲು ಹರಡಿತು. ಶೀಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಖವನ್ನು ಅಡಗಿಸಲು ಹೋಗಲಿಲ್ಲ. ಅವರ ಕಣ್ಣು ಕೆಳಗಾಯಿತು. ನಾನು ಮತ್ತೆ ನೀರು ಹೊಯ್ದೆ. ಈ ಸಲ ಮುಗ್ಗಲು ತೆಳ್ಳಗಾಗಿತ್ತು, ಮುಂಡಾಸು ಬಿಚ್ಚಿದಂತೆ ಸುತ್ತು ಸುತ್ತಾಗಿ ಸಡಿಲವಾಗುತ್ತಿತ್ತು. ಇನ್ನೊಮ್ಮೆ ಹೊಯ್ದೆ. ಬಟ್ಟಲಿನ ಬಣ್ಣ ದಾಸವಾಳದ ಕೆಂಪಿಗೆ ಬಂದು, ತಳ ಕಾಣುವಷ್ಟು ತಿಳಿಯಾಯಿತು.

ಕುಡಿದೆ. ಮೊದಲು ಏನೂ ಇರಲಿಲ್ಲ. ಬಿಸಿ ಮಾತ್ರ, ರೇಷ್ಮೆ ಜಾರಿದ ಹಾಗೆ. ನುಂಗಿದ ಮೇಲೆ ಎದೆಯೊಳಗೆ ಯಾರೋ ದೀಪ ತಂದಿಟ್ಟ ಹಾಗಾಯಿತು. ಆಮೇಲೆ ಗಂಟಲಿನ ಆಳದಲ್ಲಿ ಸಿಹಿ ಎದ್ದಿತು. ಬಹು ದೂರದಿಂದ ನಡೆದು ಬಂದವರು ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬರಲೇ ಎಂದು ಕೇಳಿ, ಬಂದು, ಕೂತ ಹಾಗೆ. ಕೂತವರು ಏಳಲೇ ಇಲ್ಲ.

“ಹೇಳಿ,” ಎಂದರು ಶೀಲಮ್ಮ. ಕಣ್ಣು ಮುಚ್ಚಿದ್ದರು.

ನಾನು ಹೇಳಿದೆ. “ಮೊದಲು ಮುಗ್ಗಲು ಇತ್ತು, ನಿಜ. ಅದು ಮೇಲಿನದು, ಹೋಯಿತು. ಒಳಗೆ ಒಣಖರ್ಜೂರ. ಹಳೇ ತೇಗದ ಪೆಟ್ಟಿಗೆ. ಕಹಿ ಇದೆ, ಆದರೆ ಕಚ್ಚುದಿಲ್ಲ, ಹಲ್ಲು ಬಿದ್ದ ನಾಯಿಯ ಹಾಗೆ ಕಾಲ ಹತ್ತಿರ ಮಲಗಿದೆ. ಮತ್ತೆ ಸಿಹಿ... ಶೀಲಮ್ಮ, ಈ ಸಿಹಿಗೆ ನಮ್ಮ ಅಡುಗೆಮನೆಯಲ್ಲಿ ಹೆಸರಿಲ್ಲ.”

“ಅಪ್ಪನೂ ಹೆಸರು ಹೇಳ್ತಿರಲಿಲ್ಲ,” ಎಂದರು ಅವರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ನಿಂತಿತು. “‘ಬಂತು’ ಅಂತ ಮಾತ್ರ ಅನ್ನುತ್ತಿದ್ದರು.”

*

ಹೊತ್ತೇರಿ ಮಂಜು ಹರಿದ ಮೇಲೆ ಸಾರಂಗರು ಬಂದರು. ಒಂದು ಕೈ ದೋಣಿಯವನ ಹೆಗಲ ಮೇಲೆ, ಇನ್ನೊಂದು ಕೋಲಿನ ಮೇಲೆ. ಅಂಗಡಿಯ ಮೆಟ್ಟಿಲಲ್ಲಿ ನಿಂತು ಉಸಿರು ಕೂಡಿಸಿಕೊಂಡು, ಮುಖದ ತುಂಬ ತುಂಟತನ ತಂದುಕೊಂಡು ಕೇಳಿದರು:

“ಏನು ಮಗಳೇ, ಆಯ್ತಾ?”

“ಆಯ್ತು, ಕಾಕ.”

ನಗಲು ಸಿದ್ಧವಾಗಿದ್ದ ಅವರ ಬಾಯಿ ಹಾಗೆಯೇ ನಿಂತಿತು. ಬದುಕಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೊಂದು ಇರಬಹುದೆಂದು ಅವರು ಮರೆತೇಬಿಟ್ಟಿದ್ದರೇನೋ. ದೋಣಿಯವನನ್ನು ಬಿಟ್ಟು, ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತರು.

“ನೀನೇ ನೋಡಿದ್ಯಾ?”

ಶೀಲಮ್ಮ ಅವರೆದುರು ಮಂಡಿಯೂರಿದರು. “ಇಲ್ಲ ಕಾಕ. ನನ್ನ ನಾಲಿಗೆ ಹೋಗಿ ವರ್ಷಗಳಾದವು. ನಿಮಗೆ ಹೇಳಲಿಲ್ಲ. ಸುಮ್ಮನೆ ಇಲ್ಲ ಇಲ್ಲ ಅಂತಿದ್ದೆ. ಇವತ್ತು ಈ ಭಟ್ರು ಕುಡಿದು ನೋಡಿದ್ರು.”

ಸಾರಂಗರು ನಿಧಾನವಾಗಿ ನನ್ನ ಕಡೆ ತಿರುಗಿದರು. “ದೇವಸ್ಥಾನದವರು. ನನಗಿಂತ ಮುಂಚೆ ಕುಡಿದ್ರಾ?”

“ಹೌದು,” ಎಂದೆ.

“ಹಾಗಾದರೆ ನೈವೇದ್ಯ ಆದದ್ದು ನಿಮಗೆ,” ಎಂದರು. “ನನ್ನ ಪಾಲಿಗೆ ಪ್ರಸಾದ. ಪರವಾಗಿಲ್ಲ, ಕೊಡಿ ಮಾರಾಯ್ರೇ, ಇಷ್ಟು ಕಾದ ಮೇಲೆ ನನಗೆ ಎರಡೂ ಒಂದೇ.”

ನಾನು ಬಗ್ಗಿಸಿದೆ. ಬಟ್ಟಲನ್ನು ಬಾಯಿಯವರೆಗೆ ತಲುಪಿಸಲು ಶೀಲಮ್ಮ ಕೈ ಕೊಟ್ಟರು. ಸಾರಂಗರು ಒಂದು ಗುಟುಕು ಕುಡಿದು, ಹೊಳೆಯ ಕಡೆ ನೋಡುತ್ತ ಕೂತರು. ಶೀಲಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಳ್ಳೆಯದೆಂದು ಮುದುಕರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅವರ ಗಂಟಲಿನ ಗಂಟು ಮಾತ್ರ ಇನ್ನೊಮ್ಮೆ ಮೇಲೆ ಕೆಳಗೆ ಆಡಿತು, ಮತ್ತೇನನ್ನೋ ನುಂಗಿದವರಂತೆ.

“ಅವತ್ತು ನೀರು ಕುಡಿಸಲಿಕ್ಕೆ ಬಂದರೆ ನೀನು ನನ್ನ ಮುಖಕ್ಕೇ ಉಗಿದೆ, ಗೊತ್ತುಂಟಾ?” ಎಂದರು ಕೊನೆಗೆ. “ಪೀಪಾಯಿ ನೀರು, ಬಿಸಿಲಿಗೆ ಕಾದು ನಾರ್ತಿತ್ತು. ನಿಮ್ಮಪ್ಪ ಗಾಬರಿಯಾಗಿ ನನ್ನ ಗಡ್ಡ ಒರೆಸಿದ. ನಾನು ಅಂದೆ, ಇರಲಿ ಬಿಡಪ್ಪ, ಒರೆಸಬೇಡ, ತಂಪಾಗ್ತದೆ ಅಂತ.”

ಶೀಲಮ್ಮ ಅಳುತ್ತ ನಕ್ಕರು. ಸಾರಂಗರು ಬಟ್ಟಲಿನಲ್ಲಿ ಉಳಿದದ್ದನ್ನು ಅವರತ್ತ ಚಾಚಿದರು.

“ನೀನು ಕುಡಿ.”

“ನನಗೆ ಅದು ಬರೀ ಬಿಸಿನೀರು, ಕಾಕ.”

“ಅವತ್ತೂ ನಿನಗೆ ಬೇಕಾಗಿದ್ದು ನೀರೇ. ಕುಡಿ.”

ಅವರು ಕುಡಿದರು. ಎಷ್ಟು ನಿಧಾನವಾಗಿ ಕುಡಿದರೆಂದರೆ, ಅವರಿಗೆ ಏನಾದರೂ ಸಿಕ್ಕಿತೇ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ದೋಣಿಯವನು ಕೆಳಗಿನಿಂದ ಕೂಗಿ, ನೀರು ಇಳಿಯುತ್ತಿದೆ, ಹೊರಡಬೇಕು ಎಂದ. ಶೀಲಮ್ಮ ಬಿಲ್ಲೆಯನ್ನು ಅದರ ಹಳೆಯ ಕಾಗದದ ನಡುವೆ ಇಟ್ಟರು. ಅದರ ಅಂಚುಗಳನ್ನು ಒಂದೊಂದಾಗಿ ನಡುವಿಗೆ ತಂದು, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು. ಅದನ್ನು ಎತ್ತಿಕೊಂಡು ಸಾರಂಗರ ಹತ್ತಿರ ಹೋದರು. ಮುದುಕರು ಕೋಲನ್ನು ಕಂಬಕ್ಕೆ ಒರಗಿಸಿ ಎರಡೂ ಕೈ ಚಾಚಿದರು. ಶೀಲಮ್ಮ ಅದನ್ನು ಆ ಕೈಗಳ ಮೇಲೆ ಇಟ್ಟರು. ಇಟ್ಟ ಮೇಲೆ ತಮ್ಮ ಖಾಲಿ ಕೈಗಳನ್ನು ಎಲ್ಲಿ ಇರಿಸಬೇಕೆಂದು ತಿಳಿಯದವರಂತೆ, ಸ್ವಲ್ಪ ಹೊತ್ತು, ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತಿದ್ದರು.